ದೋಷ, ಕಾರಣ, ಕೈಗೊಂಡ ಕ್ರಮ

ಲಿಫ್ಟ್ ರಿಪೇರಿ ಮಾಡುವವನೇ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಮನೆಗೆ ಬಂದರೆ ನಗದೇ ಇರಲು ಜನರೇನು ಕಲ್ಲಿನಲ್ಲಿ ಕಡೆದವರೇ? ನಾಲ್ಕನೆಯ ಮಹಡಿಯ ಮೆಕ್ಯಾನಿಕ್ಕನನ್ನು ಕಂಡು ಆ ಕಟ್ಟಡದವರೆಲ್ಲ ಒಂದಲ್ಲ ಒಂದು ಸಲ ನಕ್ಕಿದ್ದರು. ಎರಡನೆಯ ಮಹಡಿಯ ನಿವೃತ್ತ ಮೇಷ್ಟ್ರಂತೂ ಅವನಿಗಾಗಿಯೇ ಬಾಗಿಲು ತೆರೆದು ಕಾಯುತ್ತಿದ್ದರು. "ಏನ್ರೀ, ನೀವು ರಿಪೇರಿ ಮಾಡಿದ ಲಿಫ್ಟ್ ಮೇಲೆ ನಿಮಗೇ ನಂಬಿಕೆ ಇಲ್ವಾ? ಹಾಗಾದ್ರೆ ನಮ್ಮ ಗತಿ ಏನು?" ಎಂದು ಕೇಳಿದಾಗ ಅವನು, "ಡಾಕ್ಟರು ದಿನಾ ಮೆಟ್ಟಿಲು ಹತ್ತಿ ಅಂದಿದ್ದಾರೆ ಸಾರ್" ಎಂದು ಹಲ್ಲು ಕಿರಿದು ಜಾರಿಕೊಳ್ಳುತ್ತಿದ್ದ. ಯಾವ ಡಾಕ್ಟರೂ ಹಾಗೆ ಅಂದಿರಲಿಲ್ಲ.

ನಡೆದದ್ದು ಇಷ್ಟು. ನಮಗೆ ನಿಮಗೆಲ್ಲ ಲಿಫ್ಟ್ ಎಂದರೆ ಒಳಗೆ ನಿಂತು ಕನ್ನಡಿಯಲ್ಲಿ ತಲೆ ಬಾಚಿಕೊಳ್ಳುವ ಡಬ್ಬಿ. ಮೆಕ್ಯಾನಿಕ್ಕನಿಗೆ ಹಾಗಲ್ಲ, ಅವನ ಕಚೇರಿ ಆ ಡಬ್ಬಿಯ ನೆತ್ತಿಯ ಮೇಲಿರುತ್ತದೆ. ಅಲ್ಲಿ ನಿಂತು, ಬಾವಿಯಂಥ ಕತ್ತಲಲ್ಲಿ ಮೆಲ್ಲಗೆ ಮೇಲೆ ಕೆಳಗೆ ಓಡಾಡುತ್ತಾ ಹಗ್ಗ ಸವೆದಿದೆಯೇ, ಹಳಿಗೆ ಎಣ್ಣೆ ಇದೆಯೇ ಎಂದು ನೋಡಬೇಕು. ಅವನು ಮೇಲೆ ನಿಂತಿರುವಾಗ ಯಾವ ಮಹಡಿಯಲ್ಲಿ ಯಾರು ಗುಂಡಿ ಒತ್ತಿದರೂ ಡಬ್ಬಿ ಕದಲಬಾರದು. ಅದಕ್ಕೆಂದೇ ನೆತ್ತಿಯ ಮೇಲೆ ಒಂದು ಸ್ವಿಚ್ಚಿರುತ್ತದೆ. ಆ ದಿನ, ಹಳೆಯ ಆಫೀಸು ಕಟ್ಟಡವೊಂದರಲ್ಲಿ, ಅವನು ಸ್ವಿಚ್ಚು ಹಾಕಿಯೇ ಹತ್ತಿದ್ದ. ಒಳಗೊಳಗೇ ಸುಟ್ಟುಹೋಗಿದ್ದ ಆ ಸ್ವಿಚ್ಚು ಕೈಕೊಟ್ಟಿತು. ಮೇಲಿನ ಮಹಡಿಯಲ್ಲಿ ಯಾರೋ ಗುಂಡಿ ಒತ್ತಿದರು. ಡಬ್ಬಿ ಅವನನ್ನು ಹೊತ್ತುಕೊಂಡು ಚಾವಣಿಯ ಕಬ್ಬಿಣದ ತೊಲೆಯತ್ತ ಓಡಿತು. ಅವನ ಕೈ ತಡವರಿಸದೆ ಡಬ್ಬಿ ನಿಲ್ಲಿಸುವ ಕೆಂಪು ಗುಂಡಿಯನ್ನು ಹುಡುಕಿ ಗುದ್ದಿತು. ಡಬ್ಬಿ ನಿಂತಾಗ ಹೆಲ್ಮೆಟ್ಟಿಗೂ ತೊಲೆಗೂ ನಡುವೆ ಗೇಣು ಜಾಗ ಉಳಿದಿತ್ತು.

"ತಲೆಗೆ ಬಂದದ್ದು ತಲೆಪಾಗಿಗೆ ಹೋಯ್ತು ಬಿಡು ಮಾರಾಯ" ಎಂದ ಅವನ ಜೊತೆಗಾರ. ಎಲ್ಲರೂ ಈ ಜೊತೆಗಾರನನ್ನು ರೇಡಿಯೋ ಎಂದೇ ಕರೆಯುತ್ತಿದ್ದರು, ಏಕೆಂದರೆ ಬಾಯಿ ಮುಚ್ಚಿದ್ದನ್ನು ಯಾರೂ ನೋಡಿರಲಿಲ್ಲ. ಇಬ್ಬರೂ ಹೊಸ ಸ್ವಿಚ್ಚು ಹಾಕಿದರು, ಚಹಾ ಕುಡಿದರು, ಮನೆಗೆ ಹೋದರು. ಮೈಮೇಲೆ ಒಂದು ಗೀರೂ ಇರಲಿಲ್ಲ. ಮರುದಿನ ಬೇರೊಂದು ಕಟ್ಟಡದಲ್ಲಿ ಡಬ್ಬಿಯ ನೆತ್ತಿಗೆ ಒಂದು ಕಾಲಿಟ್ಟವನಿಗೆ ಇನ್ನೊಂದು ಕಾಲು ಎತ್ತಲು ಆಗಲಿಲ್ಲ. ವಾರ ಕಳೆಯುವುದರೊಳಗೆ ಡಬ್ಬಿಯ ಒಳಗೆ ಹೋಗುವುದೂ ನಿಂತುಹೋಯಿತು.

ಕಂಪನಿಯವರು ಕೆಟ್ಟವರಲ್ಲ. ತಿಂಗಳ ಕೊನೆಯವರೆಗೆ ನೋಡೋಣ, ಆಗದಿದ್ದರೆ ಬಿಡಿಭಾಗಗಳ ಗೋದಾಮಿನಲ್ಲಿ ಕೂರಿಸೋಣ ಎಂದರು. ಸಂಬಳ ಅದೇ, ಬಿಸಿಲಿಲ್ಲ, ಧೂಳಿಲ್ಲ. ಬೇರೆಯವರಾದರೆ ಕುಣಿದಾಡುತ್ತಿದ್ದರು. ಆದರೆ ಇವನಿಗೆ ಆ ಕತ್ತಲು ಬಾವಿ ಎಂದರೆ ಪ್ರಾಣ. ಹಗ್ಗದ ಸದ್ದು ಕೇಳಿಯೇ ಅದರ ಆಯಸ್ಸು ಹೇಳುತ್ತಿದ್ದವನು ಕಪಾಟಿನಲ್ಲಿ ನಟ್ಟು ಬೋಲ್ಟು ಜೋಡಿಸುತ್ತಾ ಕೂರುವುದೆಂದರೆ ಬದುಕಿದ್ದೂ ಸತ್ತ ಹಾಗೆ. ಗೋದಾಮಿನ ಹೆಸರು ಕೇಳಿದ ದಿನ ಅವನು ಊಟ ಮಾಡಲಿಲ್ಲ.

ಅದೇ ಕಂಪನಿ ಅವನನ್ನು ಆಪ್ತಸಲಹೆಗಾರ್ತಿಯೊಬ್ಬರ ಹತ್ತಿರ ಕಳಿಸಿತು. ಎರಡು ಕುರ್ಚಿ, ಒಂದು ಮೇಜು, ತಿರುಗುವಾಗ ಕಿರುಗುಟ್ಟುವ ಫ್ಯಾನು. ಮೆಕ್ಯಾನಿಕ್ಕನ ಗಮನವೆಲ್ಲ ಆ ಫ್ಯಾನಿನ ಮೇಲೆಯೇ. ಆಕೆ ಒಂದು ನೋಟ್‌ಬುಕ್ಕನ್ನು ಅವನ ಮುಂದೆ ತಳ್ಳಿದರು.

"ದಿನಾ ಬೆಳಿಗ್ಗೆ ಸ್ವಲ್ಪ ಹೊತ್ತು ಕೂತು ಮನಸ್ಸಿಗೆ ಬಂದಿದ್ದನ್ನ ಬರೀರಿ. ಚೆನ್ನಾಗಿರ್ಬೇಕು ಅಂತೇನಿಲ್ಲ. ಯಾರೂ ಓದಲ್ಲ. ನಾನೂ ಕೇಳಲ್ಲ."

"ಯಾರೂ ಓದಲ್ಲ ಅಂದ್ಮೇಲೆ ಯಾಕೆ ಮೇಡಂ ಬರೀಬೇಕು?"

"ನೀವು ಓದ್ತೀರಲ್ಲ."

"ನಂಗೆ ಗೊತ್ತಿರೋದನ್ನೇ ತಾನೆ ನಾನು ಬರೆಯೋದು?"

"ಅದನ್ನೇ ನೋಡೋಣ ಅಂತ" ಎಂದು ನಕ್ಕರು ಆಕೆ.

ಅವನ ಪ್ರಶ್ನೆಯಲ್ಲಿ ಹುಳುಕಿರಲಿಲ್ಲ. ಅವನ ಕಸುಬಿನಲ್ಲಿ ಯಾರೂ ಓದದ ಬರಹ ಎಂದರೆ ಪ್ರಾಣಾಪಾಯ. ಪ್ರತಿ ಕಟ್ಟಡದ ಯಂತ್ರದ ಕೋಣೆಯಲ್ಲೂ ಮೊಳೆಗೆ ಒಂದು ಪುಸ್ತಕ ತೂಗುಹಾಕಿರುತ್ತದೆ. ದೋಷ, ಕಾರಣ, ಕೈಗೊಂಡ ಕ್ರಮ ಎಂದು ಅದರಲ್ಲಿ ಮೂರು ಕಾಲಂ, ಕೊನೆಗೆ ಸಹಿ. ಕೆಲಸ ಮುಗಿಸಿದವನು ಬರೆದು ಮತ್ತೆ ಮೊಳೆಗೆ ಹಾಕಿ ಹೋಗಬೇಕು. ಮುಂದೆ ಬರುವವನು ಕೊನೆಯ ಬರಹ ಓದಿ, ಕೆಳಗೆ 'ಓದಿದೆ' ಎಂದು ಬರೆದ ಮೇಲೆಯೇ ಯಂತ್ರ ಮುಟ್ಟಬೇಕು. ಇದು ಬಿಟ್ಟರೆ ಅವನಿಗೆ ಬೇರೆ ಬರವಣಿಗೆ ಗೊತ್ತಿರಲಿಲ್ಲ. ಶಾಲೆಯಲ್ಲಿ 'ನನ್ನ ಮೆಚ್ಚಿನ ಗೆಳೆಯ' ಎಂಬ ಪ್ರಬಂಧ ಬರೆಯಲು ಹೇಳಿದಾಗ 'ನನ್ನ ಗೆಳೆಯ ಒಳ್ಳೆಯವನು. ನನಗೆ ಅವನು ಇಷ್ಟ' ಎಂದು ಬರೆದು ಪೆನ್ನು ಮುಚ್ಚಿ ಕೂತ ಆಸಾಮಿ.

ಮರುದಿನ ಬೆಳಿಗ್ಗೆ ಅಡುಗೆಮನೆಯ ಮೇಜಿನ ಮುಂದೆ ಕುಳಿತು, ಸ್ಕೇಲಿಟ್ಟು ಅಂದವಾಗಿ ಗೆರೆ ಎಳೆದು ಬರೆದ: 'ದೋಷ: ನಿದ್ದೆ ಇಲ್ಲ. ಕಾರಣ: ಪರಿಶೀಲನೆಯಲ್ಲಿದೆ. ಕೈಗೊಂಡ ಕ್ರಮ: ಇಲ್ಲ.' ಸಹಿ ಹಾಕಿದ. ಮಾರನೆಯ ದಿನ: 'ದೋಷ: ಕಾಲು ಮಾತು ಕೇಳುತ್ತಿಲ್ಲ. ಕಾರಣ: ಪರಿಶೀಲನೆಯಲ್ಲಿದೆ. ಕೈಗೊಂಡ ಕ್ರಮ: ಮೆಟ್ಟಿಲು.' ಹೀಗೇ ಕೆಲವು ದಿನ ಸಾಗಿತು. ತನ್ನ ಮೈ ಮನಸ್ಸುಗಳನ್ನು ಇಷ್ಟು ಚೊಕ್ಕವಾಗಿ ನೋಂದಾಯಿಸಿದ ಮನುಷ್ಯ ಇನ್ನೊಬ್ಬನಿರಲಾರ.

ಆದರೆ ಬರೆದಾದ ಮೇಲೆ ಅವನು ಮಾಡಿದ ಕೆಲಸ ನೋಡಿ. ನೋಟ್‌ಬುಕ್ಕಿನ ಮೂಲೆಗೆ ತೂತು ಹಾಕಿ, ದಾರ ಪೋಣಿಸಿ, ಅಡುಗೆಮನೆಯ ಬಾಗಿಲ ಪಕ್ಕ ಕರೆಂಟ್ ಮೀಟರಿನ ಕೆಳಗಿದ್ದ ಮೊಳೆಗೆ ನೇತುಹಾಕಿದ. ಬೇಕೆಂದು ಮಾಡಿದ್ದಲ್ಲ. ವರ್ಷಗಟ್ಟಲೆ ಬರೆದದ್ದನ್ನೆಲ್ಲ ಮೊಳೆಗೆ ಹಾಕಿದ ಕೈ ಅದು. ಯಜಮಾನನನ್ನು ಕೇಳಲೇ ಇಲ್ಲ. ಗುಟ್ಟಾಗಿ ಇಟ್ಟುಕೊಳ್ಳಿ ಎಂದು ಕೊಟ್ಟ ಪುಸ್ತಕ ಹೀಗೆ ಮನೆಯವರೆಲ್ಲ ನೀರು ಕುಡಿಯಲು ಓಡಾಡುವ ದಾರಿಯಲ್ಲಿ ತೂಗಾಡತೊಡಗಿತು.

ಆ ಮನೆಯಲ್ಲಿ ಅವನ ಅತ್ತೆ ಇದ್ದರು, ಅಂದರೆ ಹೆಂಡತಿಯ ತಾಯಿ. ಪೊಟ್ಟಣ ಕಟ್ಟಿದ ಕಾಗದವನ್ನೂ ಬಿಡಿಸಿ, ಸುಕ್ಕು ತೀಡಿ, ಅರ್ಧದಲ್ಲಿ ಹರಿದಿದ್ದರೆ ಬೇಸರಪಟ್ಟು ಓದುವ ಹೆಂಗಸು. ಮೊಳೆಗೆ ಹಾಕಿದ ಪುಸ್ತಕವನ್ನು ಬಿಡುತ್ತಾರೆಯೇ? ಒಂದು ಬೆಳಿಗ್ಗೆ ಅವನು ಪುಟ ತೆರೆದರೆ ತನ್ನ ಸಹಿಯ ಕೆಳಗೆ ಪೆನ್ಸಿಲಿನಲ್ಲಿ ದುಂಡು ಅಕ್ಷರ: 'ಓದಿದೆ. ದೋಷ: ಬಚ್ಚಲುಮನೆಯ ನಲ್ಲಿ ತೊಟ್ಟಿಕ್ಕುತ್ತಿದೆ. ಕಾರಣ: ಮನೆಯಲ್ಲೇ ಮೆಕ್ಯಾನಿಕ್ ಇದ್ದಾರೆ.' ಕ್ರಮದ ಕಾಲಂ ಖಾಲಿ ಬಿಟ್ಟಿದ್ದರು.

ನಿದ್ದೆ ಇಲ್ಲದ್ದು, ಕಾಲು ಕೇಳದ್ದು ಎಲ್ಲ ಬಯಲಾಯಿತಲ್ಲ! ಸಿಟ್ಟು ನೆತ್ತಿಗೇರಿತು, ಆದರೆ ಯಾರ ಮೇಲೆ ಹರಿಹಾಯುವುದು? ನೇತುಹಾಕಿದವನು ತಾನೇ. ಅತ್ತೆ ಏನೂ ಗೊತ್ತಿಲ್ಲದವರಂತೆ ಕಿಟಕಿಯ ಬಳಿ ಚಹಾ ಹೀರುತ್ತಿದ್ದರು. ಅವನು ಪಾನಾ ಹುಡುಕಿ ಬಚ್ಚಲಿಗೆ ಹೋದ. ಬಂದು 'ವಾಷರ್ ಬದಲಿಸಲಾಗಿದೆ' ಎಂದು ಬರೆದ. ಎಷ್ಟೋ ದಿನಗಳ ಮೇಲೆ ಕ್ರಮದ ಕಾಲಂನಲ್ಲಿ ನಿಜವಾದ ಕೆಲಸವೊಂದು ಬಂದಿತ್ತು. ಬರೆದಾದ ಮೇಲೆ ತುಟಿಯಂಚಿನಲ್ಲಿ ನಗು ಬಂದದ್ದು ಅವನಿಗೇ ಗೊತ್ತಾಗಲಿಲ್ಲ.

ಆ ವಾರ ಸಲಹೆಗಾರ್ತಿಯ ಬಳಿ ಹೋದಾಗ ನಡೆದದ್ದನ್ನು ಹೇಳಿದ. ಆಕೆ ಮೊದಲು ಹಣೆ ಹಣೆ ಚಚ್ಚಿಕೊಂಡರು, ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಅದು ನಿಮ್ಮದು ಮಾತ್ರ ಆಗಿರ್ಲಿ ಅಂತ ಕೊಟ್ಟಿದ್ದು. ಬೇಕಾದ್ರೆ ಇನ್ನೊಂದು ಕೊಡ್ತೀನಿ, ಬೀಗ ಹಾಕಿಟ್ಕೊಳ್ಳಿ."

"ಬೀಗ ಹಾಕಿದ್ರೆ ನಾನೇ ಬರೆಯಲ್ಲ ಮೇಡಂ."

"ಹಾಗಾದ್ರೆ ಮೊಳೆಗೇ ಇರ್ಲಿ. ಆದ್ರೆ ಒಂದು ಮಾತು. ಎಲ್ಲಾ ಕಡೆ 'ಪರಿಶೀಲನೆಯಲ್ಲಿದೆ' ಅಂತ ಬರೀತಿದ್ದೀನಿ ಅಂದ್ರಲ್ಲ. ಪರಿಶೀಲನೆ ಮಾಡ್ತಿರೋರು ಯಾರು?"

ಅವನು ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡವನಂತೆ ತಟ್ಟನೆ ಎದ್ದು, ಹೋಗುವ ಮುಂಚೆ ಆಕೆಯ ಫ್ಯಾನಿಗೆ ಎರಡು ಹನಿ ಎಣ್ಣೆ ಬಿಟ್ಟು ಹೋದ. ಏಕೆಂದರೆ ನಿದ್ದೆ ಇಲ್ಲದ್ದಕ್ಕೆ ಕಾರಣ ಅವನಿಗೆ ಗೊತ್ತಿತ್ತು. ಮೊದಲ ದಿನದಿಂದಲೂ ಗೊತ್ತಿತ್ತು. ಅದನ್ನು ಯಾರಿಗೂ ಹೇಳುವಂತಿರಲಿಲ್ಲ, ಅದರಲ್ಲೂ ಹೆಂಡತಿಗೆ.

ಹೆಂಡತಿ ಕನ್ನಡಕದ ಅಂಗಡಿಯಲ್ಲಿ ಚೌಕಟ್ಟಿಗೆ ಗಾಜು ಕೂರಿಸುವ ಕೆಲಸ ಮಾಡುತ್ತಿದ್ದಳು. ಸಣ್ಣ ಸ್ಕ್ರೂಗಳ ಜೊತೆ ದಿನ ಕಳೆದು ಕಳೆದು ಅವಳಿಗೆ ಅಪಾರ ತಾಳ್ಮೆ ಬಂದಿತ್ತು. ಮೊಳೆಯ ಪುಸ್ತಕವನ್ನು ಅವಳು ಕಣ್ಣೆತ್ತಿಯೂ ನೋಡಿದಂತೆ ಕಾಣುತ್ತಿರಲಿಲ್ಲ. ಅವನೋ, ಆ ಘಟನೆಯಾದಾಗಿನಿಂದ ಅವಳ ಮುಖವನ್ನು ನೆಟ್ಟಗೆ ನೋಡಿರಲಿಲ್ಲ. ಅವಳು ತಟ್ಟೆಗೆ ಬಡಿಸುವಾಗ ತಟ್ಟೆಯನ್ನು ನೋಡುತ್ತಿದ್ದ, ಮಾತಾಡುವಾಗ ಅವಳ ಹಿಂದಿನ ಗೋಡೆಯನ್ನು ನೋಡುತ್ತಿದ್ದ.

ಪುಸ್ತಕ ಮಾತ್ರ ತುಂಬುತ್ತಾ ಹೋಯಿತು. ಅತ್ತೆಗೆ ಮೊಣಕಾಲು ನೋವು, ಕಾರಣ ವಯಸ್ಸು, ಕ್ರಮ ಬೈದುಕೊಳ್ಳುವುದು. ಪಕ್ಕದ ಮನೆಯ ನಾಯಿ ಬೊಗಳುವುದು, ಕಾರಣ ಪಕ್ಕದ ಮನೆಯವರು. ಕೆಲವಕ್ಕೆ ಅವನು ಕ್ರಮ ಕೈಗೊಂಡ, ಕೆಲವಕ್ಕೆ 'ನಮ್ಮ ವ್ಯಾಪ್ತಿಗೆ ಬರುವುದಿಲ್ಲ' ಎಂದು ಬರೆದ. ಬೆಳಿಗ್ಗೆ ಎದ್ದು ಪುಸ್ತಕ ತೆಗೆಯಲು ಕಾತರವಾಗುತ್ತಿತ್ತು. ಹಾಗಿರುವಾಗ, ತಿಂಗಳ ಕೊನೆ ಹತ್ತಿರ ಬಂದಿದ್ದಾಗ, ಒಂದು ದಿನ ಶಾಲೆಗೆ ಹೋಗುವ ಅವಸರದಲ್ಲಿ ಮಗಳು ಗೀಚಿಟ್ಟ ಸಾಲು ಕಂಡಿತು: 'ದೋಷ: ಅಪ್ಪ ನನ್ನ ಜೊತೆ ಲಿಫ್ಟಲ್ಲಿ ಬರಲ್ಲ, ಅಮ್ಮನ ಜೊತೆ ಮಾತಾಡಲ್ಲ. ಕಾರಣ: ಅಪ್ಪನಿಗೆ ಗೊತ್ತು.'

ಅದನ್ನು ಓದಿ ಅವನು ಮೇಜಿನ ಮುಂದೆ ಕುಳಿತು, ಈ ಸಲ ಸ್ಕೇಲು ಹುಡುಕದೆ, ಗೆರೆ ಎಳೆಯದೆ ಬರೆದ. ಅತ್ತೆ ಬಂದು ನೋಡಿ, ಸದ್ದಿಲ್ಲದೆ ಹಿಂದಕ್ಕೆ ಹೋದರು. ಬರೆದದ್ದು ಇದು:

'ಕಾರಣ: ಡಬ್ಬಿ ಮೇಲಕ್ಕೆ ಓಡಿದಾಗ ನಾನು ಸಾಯುತ್ತೇನೆ ಎಂದು ನನಗೆ ಗೊತ್ತಾಯಿತು. ಸಾಯುವ ಹೊತ್ತಿಗೆ ಹೆಂಡತಿ ಮಕ್ಕಳು ಕಣ್ಣ ಮುಂದೆ ಬರುತ್ತಾರೆ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಬರಲಿಲ್ಲ. ತೊಲೆಯ ಮೇಲೆ ಒಂದು ಬೋಲ್ಟು ತುಕ್ಕು ಹಿಡಿದಿತ್ತು. ಇದಕ್ಕೆ ಯಾಕೆ ಯಾರೂ ಬಣ್ಣ ಬಳಿದಿಲ್ಲ ಎಂದುಕೊಂಡೆ. ನನಗೆ ನೆನಪಿಗೆ ಬಂದದ್ದು ಅದೊಂದೇ. ನಾನು ಇವರನ್ನು ಪ್ರೀತಿಸುತ್ತೇನೆ ಎಂದು ಇಷ್ಟು ವರ್ಷ ತಿಳಿದುಕೊಂಡಿದ್ದೆ. ಅದು ಸುಳ್ಳು ಎಂದು ಅಲ್ಲಿ ಗೊತ್ತಾಯಿತು. ಮತ್ತೆ ಅಲ್ಲಿಗೆ ಹತ್ತಿದರೆ ಮತ್ತೆ ಅದೇ ಗೊತ್ತಾಗುತ್ತದೆ. ನನ್ನ ಭಯ ಲಿಫ್ಟಿನದಲ್ಲ.'

ಕೊನೆಯ ಸಾಲು ಬರೆದು ಅವನೇ ಬೆಚ್ಚಿಬಿದ್ದ. ಇಷ್ಟು ದಿನ ತನಗೆ ಬೀಳುವ ಭಯ, ಜಜ್ಜಿಹೋಗುವ ಭಯ ಎಂದುಕೊಂಡೇ ಮೆಟ್ಟಿಲು ಸವೆಸಿದ್ದನಲ್ಲ! ಗೊತ್ತಿರುವುದನ್ನೇ ತಾನೆ ಬರೆಯುವುದು ಎಂದು ವಾದಿಸಿದ್ದವನಿಗೆ, ಗೊತ್ತಿದ್ದದ್ದು ಅರ್ಧ ಮಾತ್ರ ಎಂದು ಈಗ ತಿಳಿಯಿತು. ಉಳಿದರ್ಧ ಕಾಗದದ ಮೇಲೆ ಬಂದ ಮೇಲೆಯೇ ಕಂಡದ್ದು. ಆ ಪುಟವನ್ನು ಹರಿದು ಜೇಬಿಗಿಟ್ಟುಕೊಳ್ಳಬಹುದಿತ್ತು, ಕೈ ಒಂದು ಸಲ ಅಲ್ಲಿಗೆ ಹೋಗಿಯೂ ಇತ್ತು. ಆದರೆ ಬಾಯಲ್ಲಿ ಹೇಳಲು ಈ ಜನ್ಮದಲ್ಲಿ ಆಗದ ಮಾತು ಇದು. ಹೇಳದೆ ಇನ್ನೆಷ್ಟು ದಿನ ಗೋಡೆಯನ್ನು ನೋಡಿಕೊಂಡು ಮಾತಾಡುವುದು? ಈ ಸಲ ತಿಳಿದೂ ತಿಳಿದೂ ಪುಸ್ತಕವನ್ನು ಮೊಳೆಗೆ ಹಾಕಿ, ಚಪ್ಪಲಿ ಮೆಟ್ಟಿ ಹೊರಗೆ ನಡೆದ. ಅಂದು ಹೆಂಡತಿಗೆ ವಾರದ ರಜೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಬೀದಿ ಬೀದಿ ಸುತ್ತಿದ. ಹೂವಿನ ಅಂಗಡಿ, ಔಷಧಿ ಅಂಗಡಿ, ಬಟ್ಟೆ ಇಸ್ತ್ರಿ ಮಾಡುವವಳ ಗೂಡು, ಯಾವುದೂ ಕಣ್ಣಿಗೆ ಬೀಳಲಿಲ್ಲ. ಅವಳು ಓದಿ ಅಳುತ್ತಿರಬಹುದೇ? ಮಾತು ಬಿಡುತ್ತಾಳೆಯೇ? ಬೋಲ್ಟಿಗಿಂತ ಕಡೆಯಾದೆನಾ ನಾನು ಎಂದರೆ ಏನು ಹೇಳಲಿ? ಮಧ್ಯಾಹ್ನ ಮೆಟ್ಟಿಲು ಹತ್ತಿದ. ಮೇಷ್ಟ್ರ ಬಾಗಿಲು ಮುಚ್ಚಿತ್ತು, ಪುಣ್ಯ.

ಮನೆಯಲ್ಲಿ ಅತ್ತೆ ತರಕಾರಿ ಹೆಚ್ಚುತ್ತಿದ್ದರು. ಹೆಂಡತಿ ಬೆನ್ನು ತಿರುಗಿಸಿ ಒಲೆಯ ಮುಂದೆ ನಿಂತಿದ್ದಳು. ಅವನು ಮೊಳೆಯ ಹತ್ತಿರ ಹೋಗಿ ಪುಸ್ತಕ ತೆಗೆದ. ಅವನ ಬರಹದ ಕೆಳಗೆ ಹೆಂಡತಿಯ ಸಣ್ಣ, ನೀಟಾದ ಅಕ್ಷರಗಳಿದ್ದವು.

'ಓದಿದೆ. ಎಲ್ಲವನ್ನೂ ಮೊದಲಿಂದಲೇ ಓದುತ್ತಾ ಬಂದಿದ್ದೇನೆ. ಮಗಳು ಹುಟ್ಟುವ ದಿನ ನಾನು ಬದುಕುವುದು ಕಷ್ಟ ಎಂದು ಹೇಳಿ ಡಾಕ್ಟರು ನಿಮ್ಮ ಹತ್ತಿರ ಸಹಿ ಹಾಕಿಸಿಕೊಂಡಿದ್ದು ನನಗೆ ಕೇಳಿಸಿತ್ತು. ಆಗ ನನಗೆ ನೀವೂ ನೆನಪಾಗಲಿಲ್ಲ, ಮಗುವೂ ನೆನಪಾಗಲಿಲ್ಲ. ಒಲೆಯ ಮೇಲೆ ಹಾಲಿಟ್ಟು ಬಂದಿದ್ದೆ, ಯಾರಾದರೂ ಒಲೆ ಆರಿಸಿದರೋ ಇಲ್ಲವೋ ಎಂದು ಅದೊಂದೇ ಯೋಚನೆ. ಇಷ್ಟು ವರ್ಷ ಯಾರಿಗೂ ಹೇಳಲಿಲ್ಲ. ನಾನು ಎಂಥ ತಾಯಿ ಎಂದು ಎಷ್ಟೋ ಸಲ ಅತ್ತಿದ್ದೇನೆ. ನಿಮ್ಮದನ್ನು ಓದಿದ ಮೇಲೆ ಇವತ್ತು ಅಳು ಬರಲಿಲ್ಲ. ಕೈಗೊಂಡ ಕ್ರಮ: ಊಟಕ್ಕೆ ಬನ್ನಿ.'

ಅವನು ತಲೆಯೆತ್ತಿದ. ಅವಳು ತಿರುಗಿ ನಿಂತಿದ್ದಳು. ಅವನು ಗೋಡೆಯನ್ನು ನೋಡಲಿಲ್ಲ, ಅವಳನ್ನೇ ನೋಡಿದ. ಕಣ್ಣಿನ ಸುತ್ತ ಎರಡು ಹೊಸ ಗೆರೆ ಮೂಡಿದ್ದವು. ಎಂದಿನಿಂದ ಎಂದು ಅವನಿಗೆ ಗೊತ್ತಿರಲಿಲ್ಲ.

"ಯಾರಾದ್ರೂ ಒಲೆ ಆರಿಸಿದ್ರಾ?" ಎಂದ.

"ನಾನು ಆರಿಸ್ದೆ" ಎಂದರು ಅತ್ತೆ, ಚಾಕು ನಿಲ್ಲಿಸದೆ. "ಪಾತ್ರೆ ತಳ ಹಿಡಿದಿತ್ತು, ಉಜ್ಜಿ ಉಜ್ಜಿ ಸಾಕಾಯ್ತು. ಅಲ್ಲಾ ಅಳಿಯಂದ್ರೇ, ನಂಗೊಂದು ಅರ್ಥ ಆಗ್ಲಿಲ್ಲ. ಆ ಹೊತ್ತಲ್ಲಿ ನೀವು ಇವಳನ್ನ, ಮಗೂನ ನೆನೆಸ್ಕೊಂಡು ಕಣ್ಣೀರು ಹಾಕ್ತಾ ನಿಂತಿದ್ರೆ ಆ ಕೆಂಪು ಗುಂಡಿ ಒತ್ತೋಕೆ ಯಾರು ಬರ್ತಿದ್ರು? ನಾನು ಬರ್ಬೇಕಾಗಿತ್ತಾ?"

ಮೊದಲು ಹೆಂಡತಿ ನಕ್ಕಳು, ಆಮೇಲೆ ಅವನು. ನಗುತ್ತಾ ನಗುತ್ತಾ ಅವನಿಗೆ ಬಿಕ್ಕಿ ಬಿಕ್ಕಿ ಅಳು ಬಂತು. ಕುರ್ಚಿ ಎಳೆದುಕೊಂಡು ಕುಳಿತು ಮನಸಾರೆ ಅತ್ತ. ಯಾರೂ ಸಮಾಧಾನ ಮಾಡಲು ಹೋಗಲಿಲ್ಲ. ಹೆಂಡತಿ ಅವನ ಭುಜದ ಮೇಲೆ ಕೈಯಿಟ್ಟು ನಿಂತಳು, ಅತ್ತೆ ತರಕಾರಿ ಹೆಚ್ಚುತ್ತಲೇ ಇದ್ದರು. ಇಂಥವರ ನಡುವೆ ಬದುಕಲು ತಾನೇನು ಪುಣ್ಯ ಮಾಡಿದ್ದೆನೋ ಎಂದು ಅವನಿಗೆ ಅನ್ನಿಸಿತು. ಅಂದು ಅವನು ಎರಡನೆಯ ಸಲವೂ ಅನ್ನ ಬಡಿಸಿಕೊಂಡ.

ಇಷ್ಟಾದ ಮೇಲೆ ಭಯ ಓಡಿಹೋಯಿತು ಎಂದು ನಾನು ಹೇಳಿದರೆ ನೀವು ನಂಬಬೇಡಿ. ಮನಸ್ಸು ವಾಷರ್ ಅಲ್ಲ, ಬದಲಿಸಿದ ಕೂಡಲೇ ಸರಿಹೋಗಲು. ಮರುದಿನ ಮಗಳ ಕೈ ಹಿಡಿದು ಲಿಫ್ಟಿನಲ್ಲಿ ಒಂದು ಮಹಡಿ ಇಳಿದ, ಮೈಯೆಲ್ಲ ಬೆವರಿ ಉಳಿದದ್ದನ್ನು ನಡೆದ. ಅದರ ಮರುದಿನ ಎರಡು ಮಹಡಿ. ತಿಂಗಳ ಕೊನೆಯ ದಿನ ಕೆಲಸಕ್ಕೆ ಹೊರಟ. ಅಂದು ಆಗದಿದ್ದರೆ ನಾಳೆಯಿಂದ ಗೋದಾಮು. ಹೆಂಡತಿ ಬಾಗಿಲಲ್ಲಿ ನಿಂತು, "ಆಗ್ಲಿಲ್ಲ ಅಂದ್ರೆ ಇಳಿದು ಬನ್ನಿ, ಅಷ್ಟೇ" ಎಂದಳು.

ರೇಡಿಯೋ ಅಂದು ಅವನ ಜೊತೆಗಿದ್ದ. ದಾರಿಯುದ್ದಕ್ಕೂ ತನ್ನ ಹೊಸ ಚಪ್ಪಲಿಯ ಕಥೆ ಹೇಳಿದವನು ಬಾವಿಯ ಬಾಗಿಲು ತೆರೆದ ಕೂಡಲೇ ಬಾಯಿ ಮುಚ್ಚಿದ. ಅವನು ಬಾಯಿ ಮುಚ್ಚಿದ್ದು ಜನ ಕಂಡದ್ದು ಅಂದೇ ಮೊದಲು. ಮೆಕ್ಯಾನಿಕ್ ಸ್ವಿಚ್ಚು ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದ. ಒಂದು ಕಾಲಿಟ್ಟ. ಇನ್ನೊಂದು ಕಾಲು ಬಾಗಿಲಲ್ಲೇ ಉಳಿಯಿತು. ಮೆಕ್ಯಾನಿಕ್ ತನಗೆ ತಾನೇ, "ಯಾರೂ ನೆನಪಾಗ್ಬೇಕು ಅಂತೇನಿಲ್ಲ" ಎಂದುಕೊಂಡ. ಕಾಲು ಬಂತು.

ಅವನು ನೆತ್ತಿಯ ಮೇಲಿನ ಗುಂಡಿ ಒತ್ತಿದ, ಡಬ್ಬಿ ಮೆಲ್ಲಗೆ ಮೇಲೇರತೊಡಗಿತು. ಮೊದಲ ಮಹಡಿ ದಾಟಿದ ಮೇಲೆ ಹಗ್ಗದ ಒಂದು ಎಳೆಯ ಮೇಲೆ ಕಣ್ಣು ಬಿತ್ತು, ಬಗ್ಗಿ ಬೆರಳಾಡಿಸಿದ. ಹಳಿಯ ಮೇಲೆ ಧೂಳು ಕಟ್ಟಿತ್ತು, ಒರೆಸಿದ. ಒಂದು ಚಕ್ರ ಬೇಸರದ ದನಿ ತೆಗೆಯುತ್ತಿತ್ತು, ಕಿವಿಗೊಟ್ಟು ಕೇಳಿ ಎಣ್ಣೆ ಬಿಟ್ಟ. ಎಲ್ಲ ಮುಗಿಸಿ ತಲೆಯೆತ್ತಿದಾಗ ಡಬ್ಬಿ ಮೇಲಿನ ಮಹಡಿಯಲ್ಲಿ ನಿಂತಿತ್ತು, ಕೆಳಗಿನಿಂದ ರೇಡಿಯೋ ಖುಷಿಯಿಂದ ಸಿಳ್ಳೆ ಹಾಕುತ್ತಿದ್ದ.

ಅವನು ಅಲ್ಲೇ, ಡಬ್ಬಿಯ ನೆತ್ತಿಯ ಮೇಲೆ ಕುಳಿತು ಹೆಂಡತಿಗೆ ಫೋನು ಮಾಡಿದ. ಅವಳು ಅಂಗಡಿಯಲ್ಲಿ ಯಾರದೋ ಕನ್ನಡಕಕ್ಕೆ ಗಾಜು ಕೂರಿಸುತ್ತಿದ್ದಳು.

"ಹತ್ತಿದೆ ಕಣೇ."

ಆ ಕಡೆ ಒಂದು ದೀರ್ಘ ಉಸಿರು ಕೇಳಿಸಿತು.

"ಒಂದು ವಿಷಯ ಹೇಳ್ಬೇಕು" ಎಂದ ಅವನು, ತಪ್ಪು ಮಾಡಿದ ಹುಡುಗನಂತೆ. "ಇವತ್ತೂ ಯಾರೂ ನೆನಪಾಗ್ಲಿಲ್ಲ. ನೀನೂ ಇಲ್ಲ, ಮಗಳೂ ಇಲ್ಲ. ಕೆಲಸ ಮುಗಿಯೋವರೆಗೂ ಮರೆತೇಬಿಟ್ಟಿದ್ದೆ."

"ಸದ್ಯ!" ಎಂದಳು ಅವಳು. "ಹಾಗೇ ಮರೀತಾ ಇರಿ. ನಾವೆಲ್ಲಿಗೂ ಹೋಗಲ್ಲ, ಸಂಜೆ ಮನೇಲೇ ಇರ್ತೀವಿ."

ಅವನ ಕಣ್ಣು ತುಂಬಿ ಬಂತು. ಲೋಕದಲ್ಲಿ ಎಷ್ಟು ಜನ ತಮ್ಮನ್ನು ಸದಾ ನೆನೆಯುತ್ತಿರು ಎಂದು ಪೀಡಿಸುತ್ತಾರೆ. ನಿಶ್ಚಿಂತೆಯಿಂದ ಮರೆತು ಕೆಲಸ ಮಾಡಿಕೊಂಡು ಬಾ, ನಾವಿದ್ದೇವೆ ಎನ್ನುವವರು ಎಷ್ಟು ಮಂದಿಗೆ ಸಿಗುತ್ತಾರೆ? ತನಗೆ ಸಿಕ್ಕಿದ್ದಾರೆ. ಅವನು ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು, ಫೋನು ಜೇಬಿಗಿಟ್ಟು, ಮುಂದಿನ ಕಟ್ಟಡಕ್ಕೆ ಹೋಗೋಣ, ಸಾಮಾನು ಕಟ್ಟು ಎಂದು ರೇಡಿಯೋಗೆ ಕೂಗಿ ಹೇಳಿದ.